ಕಾಗದದ ಕೋಣೆಯ ಅಕ್ಕೋರು

ಅಕ್ಕೋರು ಕೈಗೆ ಬಂದ ಹಳೆಯ ಕಾಗದವನ್ನು ಮೊದಲು ಓದುತ್ತಿರಲಿಲ್ಲ, ಮೂಸುತ್ತಿದ್ದರು. ಕಣ್ಣು ಮುಚ್ಚಿ, ಮೂಗಿನ ಹತ್ತಿರ ಹಿಡಿದು, ಒಂದು ಉಸಿರು ಎಳೆದು "ಇದು ಅಡಿಗೆಮನೆ ಅಟ್ಟದ್ದು, ಹೊಗೆ ಕುಡಿದದೆ" ಎಂದೋ, "ಇದು ಒಣಮೀನಿನ ಅಂಗಡಿದು" ಎಂದೋ ತೀರ್ಪು ಕೊಡುತ್ತಿದ್ದರು. ಅರ್ಧಕ್ಕರ್ಧ ತಪ್ಪಿರುತ್ತಿತ್ತು. ಒಮ್ಮೆ ಭಟ್ಕಳದಿಂದ ಬಂದ ಒಂದು ಕಟ್ಟನ್ನು ಮೂಸಿ, ಇದು ತುಪ್ಪದ ವ್ಯಾಪಾರಿಯ ಮನೆಯದೇ ಎಂದು ಖಡಾಖಂಡಿತವಾಗಿ ಹೇಳಿದರು. ತುಪ್ಪ ಪಕ್ಕದಲ್ಲಿದ್ದ ನನ್ನ ಬುತ್ತಿಯದ್ದು. ಅದನ್ನು ನಾನು ನಗುತ್ತಾ ತೋರಿಸಿಕೊಟ್ಟದ್ದಕ್ಕೆ ಮಧ್ಯಾಹ್ನದವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದರು.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸರು ಮಾಸ್ತರರು, ಹೆಂಗಸರು ಅಕ್ಕೋರು. ಇವರು ಕುಮಟೆಯ ಸುತ್ತಮುತ್ತಲಿನ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತು ಚಿಲ್ಲರೆ ವರ್ಷ ಕಲಿಸಿ, ನಿವೃತ್ತರಾಗಿ, ತೊಂಬತ್ತರ ದಶಕದ ಕೊನೆಯಲ್ಲಿ ಹೊನ್ನಾವರದ ನಮ್ಮ ಕಾಲೇಜಿಗೆ ಬಂದು ಸೇರಿಕೊಂಡರು. ಯಾರೂ ಕರೆದಿರಲಿಲ್ಲ, ಸಂಬಳವೂ ಇರಲಿಲ್ಲ. ಎರಡು ಟ್ರಂಕು ಹಳೆಯ ಕಾಗದ ಆಟೋದಲ್ಲಿ ಹಾಕಿಕೊಂಡು ಬಂದು, ಇದಕ್ಕೊಂದು ಕೋಣೆ ಕೊಡಿ ಎಂದು ಪ್ರಿನ್ಸಿಪಾಲರ ಮುಂದೆ ಕೂತರು. ಎದ್ದು ಹೋಗುವ ಲಕ್ಷಣ ಕಾಣದೆ ಇದ್ದಾಗ ಪ್ರಿನ್ಸಿಪಾಲರು ಮೆಟ್ಟಿಲ ಕೆಳಗಿನ, ಮುರಿದ ಬೆಂಚು ತುಂಬಿಡುವ ಕೋಣೆಯ ಕೀಲಿ ಕೊಟ್ಟರು. ನಾನು ಕಲಿಸುತ್ತಿದ್ದದ್ದು ಕಾಮರ್ಸು. ಇತಿಹಾಸಕ್ಕೂ ನನಗೂ ಸಂಬಂಧವೇ ಇಲ್ಲ. ಆದರೆ ನನ್ನ ತಾಸುಗಳ ನಡುವೆ ಬಿಡುವು ಜಾಸ್ತಿ ಇತ್ತು, ಕೋಣೆ ಸ್ಟಾಫ್ ರೂಮಿಗೆ ಹೋಗುವ ದಾರಿಯಲ್ಲೇ ಇತ್ತು. "ತಂಗೀ, ಈ ಗಂಟಿನ ಆ ತುದಿ ಹಿಡಿ" ಎಂದು ಒಂದು ದಿನ ಕರೆದರು. ಹಿಡಿದದ್ದನ್ನು ನಾನು ಕೆಲವು ವರ್ಷ ಬಿಡಲಿಲ್ಲ.

ಮೊನ್ನೆ ಅವರು ಹೋದ ಸುದ್ದಿ ಫೋನಿನಲ್ಲಿ ಬಂತು. ಫೋನು ಇಟ್ಟ ಮೇಲೆ ನನಗೆ ಮೊದಲು ನೆನಪಾದದ್ದು ಅವರೇ ಹೇಳಿದ ಒಂದು ಮಾತು. ಕೋಣೆಯಲ್ಲಿ ಆಗ ನೂರಾರು ಕಾಗದ ಸೇರಿದ್ದವು. ಮದುವೆಯ ಸುದ್ದಿ, ಹೆರಿಗೆಯ ಸುದ್ದಿ, ದೋಣಿ ಮುಳುಗಿದ್ದು, ಆಕಳು ಕರು ಹಾಕಿದ್ದು, ಎಲ್ಲ ಇತ್ತು. ಅವರು ಒಂದು ದಿನ ಕನ್ನಡಕ ತೆಗೆದು ಕೇಳಿದರು:

"ನಮ್ಮ ಕೋಣೇಲಿ ಯಾರೂ ಸತ್ತೇ ಇಲ್ಲ ಅಲ್ದೇನೆ ತಂಗೀ?"

ಹೌದಲ್ಲ ಎನಿಸಿತು. ಸಾವಿನ ಸುದ್ದಿಯ ಕಾಗದವನ್ನು ಓದಿದ ಕೂಡಲೇ ಹರಿದು ಹಾಕುವುದು ಎಲ್ಲರ ಮನೆಯ ರೂಢಿ. ಅದನ್ನು ಒಳಗೆ ಇಡಬಾರದು. ಹಾಗಾಗಿ ಆ ಕೋಣೆಯ ಜನರೆಲ್ಲ ಬರೆಯುತ್ತಾ ಬರೆಯುತ್ತಾ ಒಂದು ದಿನ ಸುಮ್ಮನಾಗುತ್ತಿದ್ದರು, ಅಷ್ಟೆ. ಅಕ್ಕೋರಿಗೆ ಅಂಥ ಒಂದಾದರೂ ಕಾಗದ ಬೇಕು ಎಂಬ ಹುಚ್ಚು ಹತ್ತಿತು. ಹೋದ ಹೋದ ಮನೆಯಲ್ಲಿ ಕೇಳಿ ಬೈಸಿಕೊಂಡರು. ಮಿರ್ಜಾನದ ಒಬ್ಬ ಅಜ್ಜಿ "ಎಂತ ಬಾಯಿ ಅಕ್ಕೋರೇ ನಿಮ್ದು!" ಎಂದು, ಕೊಡಲು ತೆಗೆದಿದ್ದ ಬೇರೆ ಕಾಗದಗಳನ್ನೂ ವಾಪಸು ಪೆಟ್ಟಿಗೆಗೆ ಹಾಕಿಕೊಂಡಳು.

ಕಾಗದ ಕೂಡಿಸುವ ಅವರ ರೀತಿ ಅವರದೇ. ಚೌತಿಗೆ ಮುಂಚೆ, ದೀಪಾವಳಿಗೆ ಮುಂಚೆ ಎಲ್ಲರೂ ಮನೆ ಸಾರಿಸಿ ಗುಡಿಸುವ ಹೊತ್ತಿಗೆ ಸರಿಯಾಗಿ ಕೊಡೆ ಹಿಡಿದುಕೊಂಡು ಹೊರಡುತ್ತಿದ್ದರು. "ಬಚ್ಚಲ ಒಲೆಗೆ ಹಾಕೂ ಮೊದ್ಲು ನಂಗೆ ಒಂದ್ಸಲ ತೋರ್ಸಿ" ಎಂಬುದೇ ಅವರ ಬೇಡಿಕೆ. ಕುಮಟೆಯ ಗುಜರಿ ಅಂಗಡಿಯವನ ಜೊತೆ ಒಂದು ಒಪ್ಪಂದವಿತ್ತು. ಅವನ ಕಡೆ ಬಂದ ಹಳೆಯ ಕಾಗದಪತ್ರಕ್ಕೆ ಇವರು ಅಷ್ಟೇ ತೂಕದ ದಿನಪತ್ರಿಕೆ ಕೊಡಬೇಕು. ಅದಕ್ಕಾಗಿ ಸ್ಟಾಫ್ ರೂಮಿನ ಪತ್ರಿಕೆಗಳು ನಾವು ಓದುವ ಮೊದಲೇ ಮಾಯವಾಗುತ್ತಿದ್ದವು. ಕ್ರಿಕೆಟ್ ಸುದ್ದಿ ಅರ್ಧ ಓದಿದ್ದ ಫಿಸಿಕ್ಸ್‌ನ ಮಾಸ್ತರರು ಒಮ್ಮೆ ಗುಜರಿ ಅಂಗಡಿಯವರೆಗೂ ಹೋಗಿ ಬಂದರು.

ಹಳೆಯ ಮನೆಗಳಲ್ಲಿ ಬಂದ ಕಾಗದವನ್ನು ಓದಿ, ತೊಲೆಗೆ ತೂಗುಬಿಟ್ಟ ಕಬ್ಬಿಣದ ಸರಿಗೆಗೆ ಚುಚ್ಚಿ ಇಡುತ್ತಿದ್ದರು. ಕೆಳಗೆ ಅಜ್ಜನ ಕಾಲದ್ದು, ಮೇಲೆ ಮೊನ್ನೆಯದ್ದು. ಹಾಗಾಗಿ ಪ್ರತಿ ಕಾಗದದ ಹೊಟ್ಟೆಯಲ್ಲೂ ಒಂದು ತೂತು, ತುಕ್ಕಿನ ಬಣ್ಣದ್ದು. ಆ ತೂತಿನಲ್ಲಿ ಹೋದ ಶಬ್ದ ಯಾವುದು ಎಂದು ಊಹಿಸುವುದು ಅಕ್ಕೋರ ಆಟ. ನನ್ನನ್ನೂ ಕೂರಿಸಿಕೊಳ್ಳುತ್ತಿದ್ದರು. "ನೀವೆಲ್ಲ ಸೇರಿ" ಅಂತ ಇದೆ, ಆಮೇಲೆ ತೂತು, ಆಮೇಲೆ "ಬೇಡಿ" ಅಂತ ಇದೆ. ಅಳಬೇಡಿಯೋ, ಕೇಳಬೇಡಿಯೋ, ಮಾರಬೇಡಿಯೋ? ನಾನು ಒಂದು ಹೇಳಿದರೆ ಅವರು ಇನ್ನೊಂದು ಹೇಳಿ ಜಗಳಕ್ಕೆ ನಿಲ್ಲುತ್ತಿದ್ದರು. ಲೆಕ್ಕಪತ್ರ ಕಲಿಸುವ ನನಗೆ ಉತ್ತರವಿಲ್ಲದ ಲೆಕ್ಕದ ರುಚಿ ಹಿಡಿದದ್ದು ಆ ಕೋಣೆಯಲ್ಲಿ.

ಭಟ್ಕಳದಲ್ಲಿ ಅವರಿಗೆ ಒಂದು ನವಾಯತ ಮುಸ್ಲಿಮರ ಮನೆಯ ಸ್ನೇಹ ಬೆಳೆದಿತ್ತು. ಆ ಮನೆಯ ಹಿರಿಯ ಹೆಂಗಸಿನ ಹತ್ತಿರ ಕೊಲಂಬೋದಿಂದ ಬಂದ ಕಾಗದಗಳಿದ್ದವು. ಭಾಷೆ ನವಾಯತಿ, ಅಕ್ಷರ ಅರಬ್ಬಿಯ ಹಾಗೆ. ಅಕ್ಕೋರಿಗೆ ಒಂದಕ್ಷರ ಬಾರದು. ಮೊಮ್ಮಗಳು ಓದಿ ಹೇಳುವುದು, ಇವರು ತಲೆಯಾಡಿಸುವುದು. ಅಲ್ಲೇ ಒಂದು ಬಿಸ್ಕೀಟಿನ ಡಬ್ಬಿ ತುಂಬ ಕ್ಯಾಸೆಟ್ಟುಗಳು ಸಿಕ್ಕಿದವು. ದುಬೈಗೆ ಹೋದ ಮಗ ಬರೆಯಲು ಸೋಮಾರಿ, ಟೇಪಿನಲ್ಲಿ ಮಾತಾಡಿ ಕಳಿಸುತ್ತಿದ್ದನಂತೆ. ಇದೂ ಕಾಗದವೇ ಎಂದು ಅಕ್ಕೋರು ಹಟ ಹಿಡಿದು ಎರಡನ್ನು ಕೇಳಿ ತಂದರು. ಒಂದರಲ್ಲಿ ಮಗ ಅಮ್ಮನ ಮಂಡಿನೋವು ಕೇಳುತ್ತಿರುವಾಗಲೇ ಸಿನೆಮಾ ಹಾಡು ಶುರುವಾಯಿತು. ತಮ್ಮನೊಬ್ಬ ಅದರ ಮೇಲೇ ಹಾಡು ತುಂಬಿಸಿದ್ದ. ಅಕ್ಕೋರು ಹಾಡು ಮುಗಿಯುವವರೆಗೂ ಕೂತು ಕೇಳಿದರು. ಅದರ ಹಿಂದೆ ಮಗ ಇನ್ನೂ ಮಾತಾಡುತ್ತಿದ್ದಾನೇನೋ ಎಂಬ ಹಾಗೆ ಮುಖ ಮಾಡಿಕೊಂಡಿದ್ದರು.

ಅವರದು ಒಂದು ಕಾನೂನು. ಕೋಣೆಗೆ ಬಂದ ಕಾಗದ ಹೊರಗೆ ಹೋಗುವಂತಿಲ್ಲ. ಪ್ರಿನ್ಸಿಪಾಲರು ತಮ್ಮ ಸ್ವಂತ ಅಜ್ಜನ ಕಾಗದವನ್ನು ಒಂದು ದಿನಕ್ಕೆ ಮನೆಗೆ ಒಯ್ದು ಹೆಂಡತಿಗೆ ತೋರಿಸುತ್ತೇನೆ ಎಂದರೆ, "ಅವರನ್ನೇ ಇಲ್ಲಿಗೆ ಕರ್ಕೊಂಡು ಬನ್ನಿ, ಚಾ ಮಾಡ್ತೆ" ಎಂದಿದ್ದರು. ಅವರ ಹೆಂಡತಿ ಬಂದರು, ಚಾ ಕುಡಿದರು, ಕಾಗದ ಅಲ್ಲೇ ಉಳಿಯಿತು. ಈ ಕಾನೂನನ್ನು ಅವರು ಒಂದೇ ಒಂದು ಸಲ ಮುರಿದರು.

ಅವರಿಗೆ ಒಂದು ಕೊರಗಿತ್ತು. ಕೋಣೆಯಲ್ಲಿ ಇದ್ದದ್ದೆಲ್ಲ ಗಂಡಸರ ಕಾಗದ. ಹೆಂಗಸರು ಬರೆದದ್ದು ಮೊದಲೇ ಕಡಿಮೆ, ಬರೆದದ್ದು ಮುಂಬಯಿಯ ಗಂಡಂದಿರ ಬಾಡಿಗೆ ಖೋಲಿಗಳಲ್ಲಿ ಕಸವಾಗಿ ಹೋಗಿತ್ತು. ಹೀಗಿರುವಾಗ ಹಳದೀಪುರದ ಒಬ್ಬರು, ತೀರಿಕೊಂಡ ಅಪ್ಪನ ಟ್ರಂಕು ತಂದು ಇಳಿಸಿ ಹೋದರು. ಅಪ್ಪ ಮುಂಬಯಿಯ ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದವರು. ಟ್ರಂಕಿನ ತಳದಲ್ಲಿ ಪಂಚೆಯ ತುಂಡಿನಲ್ಲಿ ಸುತ್ತಿ, ಹೊಸದಾಗಿ ಮದುವೆಯಾದ ಹೆಂಡತಿ ಊರಿನಿಂದ ಬರೆದ ಕಾಗದಗಳನ್ನು ಜೋಪಾನ ಮಾಡಿದ್ದರು. ನಲವತ್ತು ನಲವತ್ತೈದು ವರ್ಷ ಹಿಂದಿನವು. ಮುದ್ದಾದ ಅಕ್ಷರ. ಕೊನೆಗೆ "ನಿಮ್ಮ ಮಾದೇವಿ".

ಅಕ್ಕೋರು ಅವನ್ನು ಮೂಸುವುದನ್ನೂ ಮರೆತು ಓದಿದರು. ಓದಿ ಓದಿ ಕಣ್ಣೀರು ಹಾಕಿದರು. "ಇತ್ತ ಕ್ಷೇಮ, ಅತ್ತ ನಿಮ್ಮ ಕ್ಷೇಮಕ್ಕೆ ಬರೆಯುವುದು" ಎಂದು ಶುರುವಾಗಿ ಮುಂದಿನ ಸಾಲಿನಲ್ಲೇ ಅಕ್ಷೇಮ ಎಲ್ಲ ಹೊರಗೆ ಬೀಳುತ್ತಿತ್ತು. "ನಿಮ್ಮ ತಂಗಿ ಎಂಬ ಮಾರಿಯು ನನಗೆ ಅನ್ನದ ತಪ್ಪಲೆ ಮುಟ್ಟಗೊಡುವುದಿಲ್ಲ. ತಾನು ಉಂಡು ಉಳಿದ ಗಂಜಿಯ ತಿಳಿ ನನಗೆ. ಈ ಹಕ್ಕಲಮನೆಯಲ್ಲಿ ನನ್ನ ಉಸಿರು ನಿಲ್ಲುವ ಮೊದಲು ಒಮ್ಮೆ ಮುಖ ತೋರಿಸಿ ಹೋಗಿರಿ."

ಕಾಲೇಜಿನಲ್ಲಿ ಮಹಿಳೆಯರ ಕಾರ್ಯಕ್ರಮ ಇತ್ತು. ಅಕ್ಕೋರು ಅಲ್ಲಿ ಈ ಕಾಗದಗಳನ್ನು ಓದಿದರು. ಹೆಸರುಗಳನ್ನು ಜಾಗ್ರತೆಯಿಂದ ಬಿಟ್ಟರು. ಮಾದೇವಿ ಎನ್ನಲಿಲ್ಲ, ನಾದಿನಿಯ ಹೆಸರು ಗಂಗೆ ಎಂದು ಇದ್ದ ಕಡೆ ಸುಮ್ಮನೆ ಕೆಮ್ಮಿದರು. ಆದರೆ ಹಕ್ಕಲಮನೆ ಎಂಬುದನ್ನು ಬಿಡಲಿಲ್ಲ. ಅದು ಜನರ ಹೆಸರಲ್ಲವಲ್ಲ! ನಮ್ಮ ಕಡೆ ಜನರ ಹೆಸರು ಯಾರಿಗೆ ಬೇಕು? ಮನೆ ಗೊತ್ತಾದರೆ ಹಿಂದಿನ ಮೂರು ತಲೆಮಾರು ಗೊತ್ತಾದ ಹಾಗೆ. ನಾನೂ ಅಲ್ಲೇ ಕೂತಿದ್ದೆ, ನನಗೂ ಹೊಳೆಯಲಿಲ್ಲ. ಒಂದು ಸ್ಥಳೀಯ ಪತ್ರಿಕೆಯಲ್ಲಿ ಮರುದಿನ "ಹಕ್ಕಲಮನೆ ಸೊಸೆಯ ಕಣ್ಣೀರು" ಎಂದು ದಪ್ಪ ಅಕ್ಷರದಲ್ಲಿ ಬಂತು. ಅಕ್ಕೋರು ಅದನ್ನು ಕತ್ತರಿಸಿ ಬಾಗಿಲ ಹಿಂದೆ ಅಂಟಿಸಿದರು.

ಅದಾಗಿ ವಾರವಾಗಿರಬೇಕು. ಬಾಗಿಲಲ್ಲಿ ಒಬ್ಬ ವಯಸ್ಸಾದ ಹೆಂಗಸು, ಕಣ್ಣಿಗೆ ಪೊರೆ ಬಂದ ಹಾಗಿತ್ತು, ಚೌಕಟ್ಟು ಹಿಡಿದು ನಿಂತಿದ್ದರು.

"ಇಲ್ಲಿ ಅಕ್ಕೋರು ಅಂದ್ರೆ ಯಾರು? ನಾನು ಹಳದೀಪುರದ ಮಾದೇವಿ, ಆ ಟ್ರಂಕು ತಂದು ಕೊಟ್ಟವನ ಅಮ್ಮ. ನನ್ನ ಕಣ್ಣೀರು ನಿಮ್ಮತ್ರ ಅದೆ ಅಂದ್ರು. ತಕಂಡು ಹೋಗ್ವಾ ಅಂತ ಬಂದೆ."

ಅಕ್ಕೋರಿಗೆ ಸ್ವರ್ಗವೇ ಬಾಗಿಲಿಗೆ ಬಂದ ಹಾಗಾಯಿತು. ಕುರ್ಚಿ ಎಳೆದರು, ಕೈ ಹಿಡಿದರು, ನಿಮ್ಮ ಅಕ್ಷರ ಎಷ್ಟು ಚಂದ ಎಂದು ಹೊಗಳಿದರು.

"ನಂಗೆಲ್ಲಿ ಅಕ್ಷರ ಬತ್ತದೆ ಅಕ್ಕೋರೇ? ಹೆಬ್ಬೆಟ್ಟು ಒತ್ತವಳು ನಾನು."

"ಮತ್ತೆ ಇದನ್ನ ಬರೆದದ್ದು?"

"ಗಂಗೆ."

ನಾನೇ ಬಾಯಿ ಹಾಕಿದೆ. ಗಂಗೆಯನ್ನು ಬೈದದ್ದನ್ನು ಗಂಗೆಯೇ ಬರೆದಳೇ ಎಂದೆ.

"ಬರದದ್ದೂ ಅವಳೇ, ಬೈಗುಳ ಹುಡುಕಿ ಕೊಟ್ಟದ್ದೂ ಅವಳೇ. ನಂಗೆ ಬೈಯೂಕೂ ಸರಿ ಬತ್ತಿಲ್ಲಾಗಿತ್ತು."

ಆಮೇಲೆ ಎಲ್ಲ ಹೇಳಿದರು. ಮದುವೆಯಾಗಿ ಮುಂಬಯಿಗೆ ಹೋದ ಗಂಡ ವರ್ಷವಾದರೂ ಬಂದಿರಲಿಲ್ಲ. ಬಾ ಎಂದು ಬರೆಯಲು ಅತ್ತೆ ಬಿಡುತ್ತಿರಲಿಲ್ಲ. ಅಲ್ಲಿಂದ ಬರುವ ಮನಿಯಾರ್ಡರು ನಿಂತರೆ ಎಂಬ ಭಯ. ಹದಿನೆಂಟರ ಸೊಸೆ ಬಾವಿಕಟ್ಟೆಯಲ್ಲಿ ಕೂತು ಅಳುತ್ತಿದ್ದಳು. ನಾಲ್ಕನೇ ಇಯತ್ತೆ ಓದಿದ್ದ ನಾದಿನಿ, ಇವಳಿಗಿಂತ ಎರಡು ವರ್ಷ ಚಿಕ್ಕವಳು, ಉಪಾಯ ತೆಗೆದಳು. ಅತ್ತೆಯ ಮೇಲೆ ದೂರು ಬರೆದರೆ ಅಣ್ಣ ನೇರ ಅಮ್ಮನನ್ನೇ ಕೇಳುತ್ತಾನೆ, ಮನೆಯಲ್ಲಿ ರಾಮಾಯಣ ಆಗುತ್ತದೆ. ಅದಕ್ಕೆ, "ನನ್ನ ಮೇಲೇ ಬರಿವ ಅತ್ಗೆ. ನಂಗೆ ಹೊಡೂಕಾದ್ರೂ ಅಣ್ಣ ಬತ್ತ" ಎಂದಳು.

"ಬಂದ್ರಾ?" ಅಕ್ಕೋರ ದನಿ ಮಗುವಿನದಾಗಿತ್ತು.

"ಚೌತಿಗೆ ಬಂದ್ರು. ಅಂಗಳದಲ್ಲೇ ಗಂಗೆಯ ಕೆನ್ನೆಗೆ ಎರಡು ಕೊಟ್ರು. ನಾನು ಅಡ್ಡ ಬಿದ್ದು ಸುಳ್ಳು ಅಂತ ಹೇಳೂವರೆಗೆ ಅವಳು ತುಟಿ ಬಿಚ್ಚಿಲ್ಲ. ಆ ಗಂಗೆಯ ಹೆಸರನ್ನ ಈಗ ನೀವು ಊರಲ್ಲೆಲ್ಲ ಹಾಳು ಮಾಡಿದ್ರಿ."

ಆದದ್ದು ಇಷ್ಟು. ಹಕ್ಕಲಮನೆಗೆ ಇದ್ದವಳು ಒಬ್ಬಳೇ ಮಗಳು, ಈ ಗಂಗೆ. ಅದೇ ಊರಿಗೆ ಮದುವೆಯಾಗಿ ಹೋಗಿ, ಈಗ ವಿಧವೆ. ಅವಳ ಕಿರಿಯ ಮಗನಿಗೆ ಮಿರ್ಜಾನದ ಹುಡುಗಿ ಗೊತ್ತಾಗಿತ್ತು, ವೀಳ್ಯದ ಮಾತೂ ಆಗಿತ್ತು. ಪತ್ರಿಕೆ ನೋಡಿದ ಹುಡುಗಿಯ ಕಡೆಯವರು, ಅತ್ತಿಗೆಗೆ ಗಂಜಿ ತಿಳಿ ಕುಡಿಸಿದವಳು ಸೊಸೆಯನ್ನು ಬಿಟ್ಟಾಳೆಯೇ ಎಂದು ಸುಮ್ಮನಾಗಿಬಿಟ್ಟಿದ್ದರು. ಗಂಗೆ ಯಾರಿಗೂ ಏನೂ ಹೇಳದೆ ಮನೆಯೊಳಗೇ ಕೂತಿದ್ದಳು.

"ಅದನ್ನ ಕೊಡಿ. ಸುಟ್ಟು ಹಾಕ್ತೆ" ಎಂದರು ಮಾದೇವಿ.

ಅಕ್ಕೋರು ಎದ್ದು ಬಾಗಿಲ ಹಿಂದಿನ ಪತ್ರಿಕೆಯ ತುಂಡನ್ನು ಕಿತ್ತು ಚೂರು ಮಾಡಿದರು. ಮುಖ ಕಪ್ಪಿಟ್ಟಿತ್ತು. ನೂರಾರು ಮಕ್ಕಳ ಅಕ್ಷರ ನೋಡಿದ ತಮಗೆ ಇದು ಬರೆಸಿದವಳದ್ದೋ ಬರೆದವಳದ್ದೋ ಎಂದು ಕೇಳಬೇಕೆನಿಸಲಿಲ್ಲವಲ್ಲ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ಮಾದೇವಿಯ ಎದುರು ನೆಲದ ಮೇಲೇ ಕೂತರು.

"ಸುಟ್ರೆ ಏನಾತದೆ ಮಾದೇವಕ್ಕ? ಕಾಗದ ಹೋಗ್ತದೆ, ಕೇಳಿದವರ ಕಿವೀಲಿ ಸುಳ್ಳು ಹಂಗೇ ಉಳೀತದೆ. ನಾನು ಎಲ್ಲರ ಎದುರು ಹೇಳಿದ್ದು. ಎಲ್ಲರ ಎದುರೇ ತಿದ್ದಬೇಕು. ನೀವು ಮಿರ್ಜಾನದವರನ್ನ ಒಂದು ದಿನ ಕರೆಸ್ತ್ರಾ? ನಾ ಬತ್ತೆ."

ಹೀಗೆ ಕಾನೂನು ಮುರಿಯಿತು. ಆ ದಿನ ಹೆದ್ದಾರಿಯ ಬಸ್ಸಿನಲ್ಲಿ ಹಳದೀಪುರಕ್ಕೆ ಹೋಗುವಾಗ ಅಕ್ಕೋರು ಕಾಗದದ ಕಟ್ಟನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮೇಲೆ ಟವೆಲು ಸುತ್ತಿ, ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಟಿಕೆಟಿಗೆ ದುಡ್ಡು ತೆಗೆಯಲೂ ಕೈ ಬಿಡಲಿಲ್ಲ, ನಾನೇ ಕೊಟ್ಟೆ. ಅವರು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಗಂಗೆಯ ಅಂಗಳದಲ್ಲಿ ಕೇರಿಯ ಹೆಂಗಸರೆಲ್ಲ ಸೇರಿದ್ದರು. ಮಿರ್ಜಾನದಿಂದ ಹುಡುಗಿಯ ತಾಯಿ ಬಂದು ಜಗುಲಿಯ ತುದಿಯಲ್ಲಿ, ಈಗ ಎದ್ದೇ ಎಂಬ ಹಾಗೆ ಕೂತಿದ್ದರು. ಗಂಗೆ ಹಿತ್ತಲಲ್ಲಿ ಮೀನು ಕೊಯ್ಯುತ್ತಿದ್ದವಳು ಏಳಲಿಲ್ಲ. ಪುಟ್ಟ ಆಳು, ಚೂಪು ಮೂಗು.

"ಓದಿ ಆತಲ್ಲ. ಇನ್ನೆಂತ ಬಾಕಿ ಅದೆ?"

"ತಪ್ಪಾತು ಗಂಗಕ್ಕ" ಎಂದರು ಅಕ್ಕೋರು. ಕೈ ಮುಗಿದೇ ಹೇಳಿದರು. "ನಾನು ಓದಿದ್ದು ಸರಿ ಆಗ್ಲಿಲ್ಲ. ಬರೆದವರೇ ಓದ್ಬೇಕು."

ಗಂಗೆ ಮೀನು ಬದಿಗಿಟ್ಟು ಎದ್ದಳು. ಕೈ ತೊಳೆದು ಬಂದಳು. ಮಗನ ಕನ್ನಡಕ ಹಾಕಿಕೊಂಡು ಕಾಗದವನ್ನು ದೂರಕ್ಕೆ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಶುರು ಮಾಡಿದಳು. "ನಿಮ್ಮ... ತಂಗಿ... ಎಂಬ... ಮಾರಿಯು..." ಅಷ್ಟಕ್ಕೇ ಮಾದೇವಿಗೆ ನಗು ಬಂತು. ಗಂಗೆ ನಗಲಿಲ್ಲ. ಗಂಭೀರವಾಗಿ ತನ್ನನ್ನು ತಾನು ಬೈದುಕೊಳ್ಳುತ್ತಾ ಹೋದಳು. ತಾನು ಅತ್ತಿಗೆಯ ಜಡೆ ಹಿಡಿದು ಎಳೆದದ್ದು, ಸೀರೆಗೆ ಕೆಸರು ಎರಚಿದ್ದು, ಬೆಲ್ಲ ಕದ್ದು ತಿಂದು ಅತ್ತಿಗೆಯ ಮೇಲೆ ಹಾಕಿದ್ದು. "ಬೆಲ್ಲ ಮಾತ್ರ ಖರೆ" ಎಂದು ನಡುವೆ ನಿಲ್ಲಿಸಿ ಹೇಳಿದಳು. ಅಂಗಳಕ್ಕೆ ಅಂಗಳವೇ ಬಿದ್ದು ಬಿದ್ದು ನಕ್ಕಿತು. ಮಾದೇವಿ ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣು ಒರೆಸಿಕೊಂಡು, ಅಣ್ಣನ ಎರಡು ಪೆಟ್ಟಿನ ಕತೆಯನ್ನು ತಾನೇ ಹೇಳಿ ಮುಗಿಸಿದರು.

ಎಲ್ಲರ ನಗು ಇಳಿದ ಮೇಲೆ ಮಿರ್ಜಾನದ ತಾಯಿ ಕೇಳಿದರು:

"ನಿಮ್ಮ ಮೇಲೆ ನೀವೇ ಇಷ್ಟೆಲ್ಲ ಬರ್ಕಂಡ್ರಾ?"

"ಅಣ್ಣ ಬರ್ಬೇಕಾಗಿತ್ತಲ್ಲೇ. ಇವಳು ಉಂಬೂದು ಬಿಟ್ಟಿತ್ತು."

ಆ ತಾಯಿ ತುದಿಯಿಂದ ಒಳಗೆ ಸರಿದು ಕಂಬಕ್ಕೆ ಒರಗಿ ಕೂತರು. "ಹಂಗಾರೆ ನಮ್ಮ ಹುಡುಗಿ ಅತ್ರೆ ಕಾಗದ ಬರೂಕೆ ಇಲ್ಲಿ ಒಬ್ರು ಇದ್ದಾರೆ ಅಂತಾತು" ಎಂದರು. ಯಾರೋ ಒಳಗೆ ಚಹಕ್ಕೆ ನೀರಿಟ್ಟರು.

ಹೊರಡುವ ಹೊತ್ತಿಗೆ ಅಕ್ಕೋರು ನಾನು ನಿರೀಕ್ಷಿಸದ ಕೆಲಸ ಮಾಡಿದರು. ಕಟ್ಟನ್ನು ಟವೆಲು ಸಮೇತ ಗಂಗೆಯ ಮುಂದೆ ಹಿಡಿದರು. ಇದು ನಿಮ್ಮದು, ಇಟ್ಟುಕೊಳ್ಳಿ, ಸುಡುವುದಾದರೂ ಸರಿ ಎಂದರು. ಹೆಂಗಸಿನ ದನಿ ಎಂದು ಅವರಿಗೆ ಜೀವಮಾನದಲ್ಲಿ ಸಿಕ್ಕಿದ್ದು ಅದೊಂದೇ ಕಟ್ಟು.

ಗಂಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಸವರಿದಳು.

"ಇಲ್ಲಿ ಗೆದ್ದಲು ತಿಂತದೆ. ನಿಮ್ಮಲ್ಲೇ ಇರ್ಲಿ. ಆದ್ರೆ ಮೇಲೆ ಮಾದೇವಿ ಅಂತ ಹಾಕಿದ್ರಲ್ಲ, ಅದನ್ನ ತೆಗೀರಿ. ಬರದವಳು ನಾನು. ನಾನು ಹುಟ್ಟಿ ಬರದದ್ದು ಇಷ್ಟೇಯ. ಮದ್ವೆ ಆದ್ಮೇಲೆ ಪೆನ್ನು ಮುಟ್ಟಿಲ್ಲ."

ಅಕ್ಕೋರು ನನ್ನ ಕೈಯಿಂದ ಪೆನ್ನು ಕಸಿದು, ಕಟ್ಟಿನ ಮೇಲಿನ ಚೀಟಿಯಲ್ಲಿ ತಾವೇ ಬರೆದಿದ್ದ ಹೆಸರನ್ನು ಹೊಡೆದುಹಾಕಿದರು. ಪೆನ್ನನ್ನು ಗಂಗೆಗೆ ಕೊಟ್ಟರು.

ಗಂಗೆ ಮೊಣಕಾಲು ಮಡಿಸಿ, ಅದರ ಮೇಲೆ ಕಟ್ಟನ್ನು ಇಟ್ಟು, ನಾಲಿಗೆ ಕಚ್ಚಿಕೊಂಡು ಬರೆದಳು. ಸೊನ್ನೆ ಇಡಲು ಮರೆತು, ಮತ್ತೆ ತಿರುಗಿ ಇಟ್ಟಳು. ಬರೆದು ಮುಗಿಸಿ ಚೀಟಿಯನ್ನು ಎತ್ತಿ ತೋರಿಸಿದಳು.

"ಸರಿ ಆತಾ ಅಕ್ಕೋರೇ?"

ಮೂವತ್ತು ವರ್ಷ ಮಕ್ಕಳ ಪಾಟಿ ತಿದ್ದಿದ ನಮ್ಮ ಅಕ್ಕೋರು ಅಂಗಳದ ನಡುವೆ ನಿಂತು ಅಳುತ್ತಾ, ಸರಿ ಎಂದು ತಲೆ ಆಡಿಸಿದರು.